ದೇವರ ಚಿತ್ತವಾದರೆ

ಕನ್ನಡ ಕ್ರೈಸ್ತರ ಮನೆಯ ಮದುವೆ ಪತ್ರಿಕೆಗಳಲ್ಲಿ, ಬೈಬಲ್ ವಚನದ ಕೆಳಗೆ, ‘ದೇವರ ಚಿತ್ತವಾದರೆ’ ಎಂಬ ಮಾತು ಎಷ್ಟೋ ಸಲ ಅಚ್ಚಾಗಿರುತ್ತದೆ. ಅಷ್ಟು ಹೊತ್ತಿಗೆ ಛತ್ರಕ್ಕೆ ಮುಂಗಡ ಕೊಟ್ಟಾಗಿರುತ್ತದೆ, ಸೀರೆ ಒಡವೆ ಬಂದಿರುತ್ತವೆ, ಚರ್ಚಿನಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದುವುದೂ ಶುರುವಾಗಿರುತ್ತದೆ. ಎಲ್ಲ ನಿಶ್ಚಯವಾದ ಮೇಲೂ ಒಂದು ‘ಆದರೆ’ ಉಳಿಯುತ್ತದೆ. ಊರಿಗೆ ಹೊರಟವರು ‘ದೇವರ ಚಿತ್ತವಿದ್ದರೆ ಮುಂದಿನ ತಿಂಗಳು ಬರ್ತೀವಿ’ ಅನ್ನುತ್ತಾರೆ. ಸೀಟು ಸಿಗದೆ ಸಪ್ಪಗೆ ಕೂತ ಮಗಳ ತಲೆ ಸವರಿ ತಾಯಿ ಅದೇ ಮಾತು ಹೇಳುತ್ತಾಳೆ. ಆಸ್ಪತ್ರೆಯ ವರಾಂಡದಲ್ಲಿ ಕೂತವರ ಬಾಯಲ್ಲಿ ಅದೇ ಮಾತು. ಸಮಾಧಿಗೆ ಮಣ್ಣು ಹಾಕಿ ಮರಳುವವರ ಬಾಯಲ್ಲೂ ಅದೇ.

ಬೇರೆಯವರು ಇದೇ ಸಂದರ್ಭದಲ್ಲಿ ‘ದೇವರ ಇಚ್ಛೆ’ ಎನ್ನುತ್ತಾರೆ, ‘ದೈವಸಂಕಲ್ಪ’ ಎನ್ನುತ್ತಾರೆ, ‘ಅವನು ನಡೆಸಿದಂತೆ’ ಎನ್ನುತ್ತಾರೆ. ಮುಸ್ಲಿಂ ನೆರೆಯವರು ‘ಇನ್‌ಶಾ ಅಲ್ಲಾ’ ಎನ್ನುತ್ತಾರೆ. ಚಿತ್ತ ಎಂಬ ಪದ ಮಾತ್ರ ಇಂದಿನ ಆಡುಗನ್ನಡದಲ್ಲಿ ಬಹುಮಟ್ಟಿಗೆ ಕ್ರೈಸ್ತರ ಗುರುತಾಗಿ ನಿಂತಿದೆ. ಪರಲೋಕ, ಕರ್ತನು, ಸಭಾಪಾಲಕರು, ಸಾಕ್ಷಿ ಎಂಬ ಪದಗಳ ಸಾಲಿನಲ್ಲಿ ಇದೂ ಒಂದು. ಆದರೆ ಇದು ಚರ್ಚಿನೊಳಗೆ ಹುಟ್ಟಿದ ಪದವಲ್ಲ. ಚರ್ಚಿಗೆ ಬರುವ ಮುಂಚೆ ಇದು ಋಷಿಗಳ ಬಳಿ, ಬೌದ್ಧ ಭಿಕ್ಷುಗಳ ಬಳಿ, ಶರಣರ ಬಳಿ, ಅರಸರ ಓಲಗದಲ್ಲಿ, ಹರಿದಾಸರ ತಂಬೂರಿಯ ಜೊತೆಯಲ್ಲಿ ಬಾಳಿ ಬಂದಿದೆ. ಆ ಬಾಳುವೆಯನ್ನೆಲ್ಲ ಅದು ತನ್ನೊಳಗೆ ಇಟ್ಟುಕೊಂಡೇ ನಮ್ಮ ಪ್ರಾರ್ಥನೆಗೆ ಬಂತು. ನಾವು ಅದರ ಒಂದು ಭಾಗವನ್ನಷ್ಟೇ ಬಳಸುತ್ತಿದ್ದೇವೆ ಎಂಬುದು ನನ್ನ ಅನಿಸಿಕೆ, ನೋವು ಕೂಡ.

ಚಿತ್ತದ ಬೇರು ಸಂಸ್ಕೃತದ ‘ಚಿತ್’ ಧಾತು. ಕಾಣು, ಗಮನಿಸು, ಅರಿ ಎಂಬುದು ಅದರ ಅರ್ಥ. ಚೇತನ, ಚೈತನ್ಯ, ಸಚ್ಚಿದಾನಂದದ ನಡುವಿನ ಚಿತ್ ಎಲ್ಲ ಒಂದೇ ಬಳ್ಳಿಯವು. ಕಣ್ಣಿಗೆ ಎದ್ದು ಕಾಣುವಂಥದು ಎಂಬ ಅರ್ಥದ ‘ಚಿತ್ರ’ವನ್ನೂ ಈ ಧಾತುವಿಗೇ ಸೇರಿಸುತ್ತಾರೆ, ಹಾಗೆ ನೋಡಿದರೆ ಮಲೆನಾಡಿನ ದೀವರ ಹೆಣ್ಣುಮಕ್ಕಳು ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರವೂ ಇದರ ದೂರದ ನೆಂಟ. ವ್ಯಾಕರಣದ ಪ್ರಕಾರ ‘ಚಿತ್ತ’ ಎಂದರೆ ಗಮನಕ್ಕೆ ಬಂದದ್ದು. ಮುಂದೆ ಗಮನ, ಆಲೋಚನೆ, ಗಮನಿಸುವ ಮನಸ್ಸು. ಋಗ್ವೇದದ ಕಟ್ಟಕಡೆಯ ಸೂಕ್ತ, ಹತ್ತನೆಯ ಮಂಡಲದ 191ನೆಯದು, ಒಟ್ಟಿಗೆ ಸೇರಿದ ಜನರ ಮನಸ್ಸೂ ಚಿತ್ತವೂ ಒಂದಾಗಲಿ ಎಂದು ಹಾರೈಸುತ್ತದೆ. ಪತಂಜಲಿ ಯೋಗವನ್ನು ವಿವರಿಸುವುದೇ ಚಿತ್ತದ ಅಲೆಗಳನ್ನು ತಡೆಯುವ ಸಾಧನೆ ಎಂದು. ಬೌದ್ಧರಲ್ಲಿ ಎಲ್ಲ ಜೀವಿಗಳ ಹಿತಕ್ಕಾಗಿ ಎಚ್ಚರಗೊಳ್ಳುವ ಮನಸ್ಸಿಗೆ ಬೋಧಿಚಿತ್ತ ಎಂದು ಹೆಸರಾಯಿತು. ವೇದಾಂತಿಗಳು ಅಂತಃಕರಣವನ್ನು ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ನಾಲ್ಕಾಗಿ ವಿಂಗಡಿಸಿದರು. ಉದ್ದೇಶ, ಬಯಕೆ ಎಂಬ ಅರ್ಥವೂ ಸಂಸ್ಕೃತ ಕೋಶಗಳಲ್ಲಿ ಉಂಟು. ಆದರೆ ಅದು ಅಂಚಿನಲ್ಲಿ ನಿಂತ ಅರ್ಥ. ನಡುಮನೆಯಲ್ಲಿ ಕೂತಿರುವುದು ಗಮನ.

ಈ ಹಳೆಯ ಅರ್ಥ ಸತ್ತಿಲ್ಲ. ಚುನಾವಣೆಯ ಮಾರನೆಯ ದಿನ ಪತ್ರಿಕೆ ತೆರೆಯಿರಿ, ‘ಎಲ್ಲರ ಚಿತ್ತ ದೆಹಲಿಯತ್ತ’ ಎಂಬ ತಲೆಬರಹ ಕಾಣುತ್ತದೆ. ಅಲ್ಲಿ ಚಿತ್ತ ಎಂದರೆ ಗಮನವೇ ಹೊರತು ಬೇರೇನಲ್ಲ. ಚಿತ್ತಚಾಂಚಲ್ಯ, ಏಕಚಿತ್ತ, ಚಿತ್ತಭ್ರಮೆ ಇವುಗಳಲ್ಲೂ ಅದೇ ಬೇರು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ದೇವರ ವಿಷಯಕ್ಕೆ ಬಂದಾಗ ಇದು ಬೇಕಾಗುತ್ತದೆ.

ಕನ್ನಡಕ್ಕೆ ಬಂದ ಮೇಲೆ ಪದ ಎರಡು ದಾರಿ ಹಿಡಿಯಿತು. ಒಂದು ದಾರಿ ಶರಣರದು. ಷಟ್‌ಸ್ಥಲದ ವಿವರಣೆಯಲ್ಲಿ ಭಕ್ತನು ಲಿಂಗಕ್ಕೆ ಅರ್ಪಿಸುವ ಕೈಗೆ ‘ಸುಚಿತ್ತಹಸ್ತ’ ಎಂದು ಹೆಸರು. ಆರು ಸ್ಥಲಗಳಿಗೆ ಆರು ಕೈಗಳು. ಮೊದಲನೆಯ ಮೆಟ್ಟಿಲಲ್ಲಿರುವ ಭಕ್ತನ ಕೈ ಸುಚಿತ್ತ. ನಾನು ಈ ಕಲ್ಪನೆಯನ್ನು ಮೊದಲು ಓದಿದಾಗ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಚಿತ್ತವನ್ನು ತಲೆಯೊಳಗೆ ಇಡದೆ ಕೈಯಲ್ಲಿ ಇಟ್ಟರಲ್ಲ! ಏನನ್ನಾದರೂ ಕೊಡುವ, ಮಾಡುವ ಕೈಯೇ ಚಿತ್ತವಾಯಿತು.

ಇನ್ನೊಂದು ದಾರಿ ಅರಮನೆಯದು. ನಡುಗನ್ನಡ ಕಾವ್ಯಗಳಲ್ಲಿ ‘ಚಿತ್ತೈಸು’ ಎಂಬ ಕ್ರಿಯಾಪದ ಸಿಗುತ್ತದೆ. ಅದರ ಮೊದಲ ಅರ್ಥ ಮನಸ್ಸಿಟ್ಟು ಕೇಳು, ಲಾಲಿಸು. ದೂತನು ಬಂದು ಕೈಮುಗಿದು ‘ಚಿತ್ತೈಸಬೇಕು’ ಎಂದರೆ, ದೊರೆ ತನ್ನ ಗಮನವನ್ನು ಈ ಬಡವನ ಕಡೆ ತಿರುಗಿಸಬೇಕು ಎಂಬ ಬಿನ್ನಹ. ಬರಬರುತ್ತ ಅದು ದಯಮಾಡಿಸು, ಬಾ ಎಂಬ ಗೌರವದ ಮಾತೂ ಆಯಿತು. ಅರಸನು ಗಮನ ಕೊಟ್ಟರೆ ಸಾಕು, ಕೆಲಸ ಆದಂತೆಯೇ. ಆದ್ದರಿಂದ ಗಮನ ಎಂಬುದೇ ಮೆಲ್ಲಗೆ ಅನುಗ್ರಹವಾಯಿತು, ಅನುಗ್ರಹ ತೀರ್ಮಾನವಾಯಿತು. ಬಿನ್ನವತ್ತಳೆಗಳ ಭಾಷೆಯಿಂದ ಊರ ಜನರ ಬಾಯಿಗೆ ಇಳಿದ ಒಂದು ಮಾತು ಇನ್ನೂ ಉಳಿದಿದೆ: ‘ತಮ್ಮ ಚಿತ್ತ, ನಮ್ಮ ಭಾಗ್ಯ.’ ಇದನ್ನು ಹೇಳುವವನು ತನ್ನ ಅಹವಾಲನ್ನೆಲ್ಲ ಹೇಳಿ ಮುಗಿಸಿರುತ್ತಾನೆ. ಹೊಲ ಯಾರು ಒತ್ತಿಕೊಂಡರು, ಕಂದಾಯ ಎಷ್ಟು ಹೆಚ್ಚಾಯಿತು, ಮಳೆ ಹೇಗೆ ಕೈಕೊಟ್ಟಿತು ಎಲ್ಲ ಬಿಡಿಸಿ ಹೇಳಿದ ಮೇಲೆ ಬರುವ ಕಡೆಯ ಸಾಲು ಇದು. ಮೊದಲ ಸಾಲಾಗಿ ಇದು ಬರುವುದಿಲ್ಲ.

ಪಕ್ಕದ ತೆಲುಗಿನಲ್ಲಿ ಈ ಅರಮನೆಯ ಅರ್ಥ ಇನ್ನೂ ಗಟ್ಟಿಯಾಯಿತು. ಅಲ್ಲಿ ‘ಚಿತ್ತಂ’ ಎಂದಷ್ಟೇ ಹೇಳಿದರೆ ‘ಅಪ್ಪಣೆಯಂತೆ ಆಗಲಿ’ ಎಂದೇ ಅರ್ಥ.

ಅರಮನೆಯಿಂದ ದೇವರ ಮನೆಗೆ ಪದವನ್ನು ಕರೆತಂದವರು ಹರಿದಾಸರು. ಪುರಂದರದಾಸರ ‘ಹರಿಚಿತ್ತ ಸತ್ಯ’ ಎಂಬ ಪದವನ್ನು ಕೇಳದ ಕನ್ನಡಿಗರು ಕಡಿಮೆ. ಮನುಷ್ಯ ಬಗೆಯುವುದು ಒಂದು, ಆಗುವುದು ಇನ್ನೊಂದು, ಆಗುವುದರ ಹಿಂದೆ ಹರಿಯ ಚಿತ್ತವಿದೆ ಎಂಬುದು ಅದರ ತಿರುಳು. ಹದಿನಾರನೆಯ ಶತಮಾನದಷ್ಟು ಹಿಂದೆಯೇ ದೇವರ ಸಂಕಲ್ಪಕ್ಕೆ ‘ಚಿತ್ತ’ ಎಂಬ ಹೆಸರು ಕನ್ನಡದಲ್ಲಿ ಸಿದ್ಧವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಪಾದ್ರಿಗಳು ಬಂದು ಪದ ಕಟ್ಟಿದರು ಎನ್ನುವವರು ಈ ಹಾಡನ್ನು ಮರೆತಿರುತ್ತಾರೆ.

ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಕನ್ನಡ ಕಲಿತು, ಮುನ್ಷಿಗಳ ನೆರವಿನಿಂದ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಮುಂದೆ ಅವರ ಜೊತೆಗೂಡಿದ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್–ಕನ್ನಡ ನಿಘಂಟನ್ನು ಹೊರತಂದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿತ್ತು. ಎರಡು ದಶಕದ ದುಡಿಮೆ. ಬಳ್ಳಾರಿ ಕನ್ನಡ ತೆಲುಗು ಎರಡೂ ಒಟ್ಟಿಗೆ ಕಿವಿಗೆ ಬೀಳುವ ಊರು. ಒಂದು ಭಾಷೆಯಲ್ಲಿ ಹರಿಚಿತ್ತ, ಇನ್ನೊಂದರಲ್ಲಿ ಚಿತ್ತಂ. ದೇವರು ಬಯಸುವುದು ಎಂಬುದಕ್ಕೆ ಪದ ಹುಡುಕಿದವರ ಮುಂದೆ ಇಚ್ಛೆ ಇತ್ತು, ಸಂಕಲ್ಪವಿತ್ತು, ಅಪ್ಪಣೆ, ಆಜ್ಞೆ, ನಿರೂಪ ಎಲ್ಲ ಇದ್ದವು. ಅವುಗಳಲ್ಲಿ ಯಾವುದಾದರೊಂದು ಯೇಸುಸ್ವಾಮಿ ಕಲಿಸಿದ ಕರ್ತನ ಪ್ರಾರ್ಥನೆಯೊಳಗೆ ಸೇರಿದ್ದರೆ ನಮ್ಮ ಪ್ರಾರ್ಥನೆಯ ದನಿಯೇ ಬೇರೆಯಾಗುತ್ತಿತ್ತು. ‘ನಿನ್ನ ಅಪ್ಪಣೆ’ ಎಂದು ದಿನಾ ಹೇಳುವ ಬಾಯಿ ಆಳಿನ ಬಾಯಿ. ‘ನಿನ್ನ ಇಚ್ಛೆ’ ಎಂದು ಹೇಳಿದರೆ ಅದರಲ್ಲಿ ‘ಏನಾದರೂ ಮಾಡಿಕೋ’ ಎಂಬ ಸಣ್ಣ ಮುನಿಸು ಸೇರಿಬಿಡಬಹುದು. ಮನೆಯಲ್ಲಿ ಗಂಡ ಹೆಂಡತಿ ‘ನಿನ್ನಿಷ್ಟ’ ಎಂದುಕೊಳ್ಳುವುದನ್ನು ಕೇಳಿದವರಿಗೆ ಇದು ಗೊತ್ತು. ಚಿತ್ತದಲ್ಲಿ ಆ ಎರಡೂ ಇಲ್ಲ.

ಬಳ್ಳಾರಿಯ ಕೆಲಸ ಮುಗಿದ ಮೂರು ವರ್ಷಕ್ಕೆ, 1834ರಲ್ಲಿ, ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮುಂದೆ ಆ ಮಿಷನ್ನಿನಿಂದ ಬಂದ ಹರ್ಮನ್ ಮೊಗ್ಲಿಂಗರ ಹೆಸರನ್ನು ‘ಮಂಗಳೂರ ಸಮಾಚಾರ’ ಪತ್ರಿಕೆಗಾಗಿ ಎಲ್ಲರೂ ನೆನೆಯುತ್ತಾರೆ. ನಾನು ಇಲ್ಲಿ ನೆನೆಯುವುದು ಇನ್ನೊಂದು ಕೆಲಸಕ್ಕಾಗಿ. 1850ರಲ್ಲಿ ಅವರು ದಾಸರ ಪದಗಳನ್ನು ಕೂಡಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಯೇಸುವಿನ ಸುವಾರ್ತೆ ಸಾರಲು ಬಂದ ಪಾದ್ರಿ ಹರಿದಾಸರ ಹಾಡುಗಳನ್ನು ಅಚ್ಚಿನ ಮೊಳೆಗೆ ಏರಿಸಿದ್ದು ಸಣ್ಣ ಸಂಗತಿಯಲ್ಲ. ಅವರಿಗೆ ಕನ್ನಡ ಭಕ್ತಿಯ ಭಾಷೆ ಎಲ್ಲಿದೆ ಎಂದು ಗೊತ್ತಿತ್ತು. 1862ರಲ್ಲಿ ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸುಗಳಲ್ಲೇ ‘ಕಥಾಮಾಲೆ’ಯಾಗಿ ಬರೆದರು. ಈ ನೆಲದ ನುಡಿಯನ್ನು ಹೀಗೆ ಪ್ರೀತಿಸಿದವರ ಕೈಯಲ್ಲಿ ಚಿತ್ತ ಎಂಬ ಪದ ಹೊರಗಿನದಾಗಿ ಉಳಿಯಲಿಲ್ಲ.

ಆಮೇಲೆ ಬೈಬಲ್ ಹಲವು ಸಲ ಪರಿಷ್ಕಾರವಾಯಿತು. ಕರ್ತನ ಪ್ರಾರ್ಥನೆಯಲ್ಲಿ ಕಥೋಲಿಕರು ‘ನಿನ್ನ’ ಬಿಟ್ಟು ‘ನಿಮ್ಮ’ ಎನ್ನುತ್ತಾರೆ, ‘ಪರಲೋಕ’ ಬಿಟ್ಟು ‘ಸ್ವರ್ಗ’ ಎನ್ನುತ್ತಾರೆ. ಪ್ರೊಟೆಸ್ಟೆಂಟರು ಹಳೆಯದನ್ನೇ ಹಿಡಿದಿದ್ದಾರೆ. ದೇವರನ್ನು ಏಕವಚನದಲ್ಲಿ ಕರೆಯಬೇಕೋ ಬಹುವಚನದಲ್ಲೋ ಎಂಬುದರಲ್ಲಿ ಒಮ್ಮತವಿಲ್ಲದವರೂ ಚಿತ್ತದ ವಿಷಯದಲ್ಲಿ ಒಂದಾಗಿದ್ದಾರೆ.

ನೆರೆಯ ಭಾಷೆಗಳನ್ನು ನೋಡಿದರೆ ಈ ಆಯ್ಕೆಯ ಸ್ವಾರಸ್ಯ ಇನ್ನೂ ತಿಳಿಯುತ್ತದೆ. ತೆಲುಗಿನವರದು ಚಿತ್ತಮು, ತಮಿಳು ಪ್ರೊಟೆಸ್ಟೆಂಟರದು ಚಿತ್ತಂ. ತಮಿಳು ಕಥೋಲಿಕರು ‘ತಿರುವುಳಂ’ ಎನ್ನುತ್ತಾರೆ, ಅಂದರೆ ಶ್ರೀಹೃದಯ. ಮಲಯಾಳದ ಕಥೋಲಿಕರದು ‘ತಿರುಮನಸ್ಸು’. ತೆಂಕಣದ ಭಾಷೆಗಳು ದೇವರ ಬಯಕೆಯನ್ನು ಹೇಳಲು ಮನಸ್ಸನ್ನೇ, ಹೃದಯವನ್ನೇ ಕರೆದವು. ಹಿಂದಿ, ಮರಾಠಿಗಳು ಇಚ್ಛೆಯನ್ನು ಇಟ್ಟುಕೊಂಡವು. ಮಂಗಳೂರಿನ ಕೊಂಕಣಿ ಕಥೋಲಿಕರು ‘ದೆವಾಚಿ ಖುಶಿ’ ಎನ್ನುತ್ತಾರೆ. ಸಾವಿನ ಮನೆಯಲ್ಲಿ ಈ ಮಾತು ಕೇಳಿದ ಕನ್ನಡಿಗರಿಗೆ ಮೊದಲು ಗಾಬರಿಯಾಗಬಹುದು. ‘ನಿನ್ನ ಖುಷಿ’ ಎಂದರೆ ‘ನಿನಗೆ ಬೇಕಾದ್ದು’ ಎಂಬ ಅರ್ಥ ನಮ್ಮಲ್ಲೂ ಇದೆಯೆಂದು ನೆನಪಾದರೆ ಗಾಬರಿ ಹೋಗುತ್ತದೆ. ಉರ್ದು ಬೈಬಲಿನಲ್ಲಿ ‘ಮರ್ಜಿ’ ಇದೆ.

ಮರ್ಜಿಯ ಬಳಿ ಸ್ವಲ್ಪ ನಿಲ್ಲಬೇಕು. ಅದರ ಮೂಲ ಅರಬ್ಬೀ ಭಾಷೆಯ ಒಂದು ಧಾತು. ಮೆಚ್ಚು, ತೃಪ್ತನಾಗು, ಒಪ್ಪು ಎಂಬುದು ಅದರ ಅರ್ಥ. ನಾವು ಕೋರ್ಟು ಕಚೇರಿಗಳಲ್ಲಿ ಬಳಸುವ ‘ರಾಜಿ’ಯೂ ಅದರದೇ ಮಗು. ಹಳೆಯ ಒಡಂಬಡಿಕೆಯ ಹೀಬ್ರೂವಿನಲ್ಲಿ ದೇವರ ಚಿತ್ತಕ್ಕೆ ಬರುವ ಮುಖ್ಯ ಪದಗಳಲ್ಲೊಂದು ‘ರಾತ್ಸೋನ್’. ಅದೂ ಆ ಅರಬ್ಬೀ ಧಾತುವೂ ಒಡಹುಟ್ಟಿದವು. ರಾತ್ಸೋನ್ ಎಂದರೆ ಮೆಚ್ಚುಗೆ, ಕೃಪೆ, ಒಲವು; ಬಯಕೆಯೂ ಹೌದು. ಕೀರ್ತನೆಗಳಲ್ಲಿ ದೇವರ ಚಿತ್ತವನ್ನು ನಡೆಸುವುದೇ ನನ್ನ ಸಂತೋಷ ಎನ್ನುವಲ್ಲೂ ಈ ಪದವೇ, ದೇವರ ಕೃಪೆಯಲ್ಲಿ ಜೀವವಿದೆ ಎನ್ನುವಲ್ಲೂ ಈ ಪದವೇ. ಯೆಹೂದ್ಯರ ಎಷ್ಟೋ ಪ್ರಾರ್ಥನೆಗಳು ‘ನಿನಗೆ ಮೆಚ್ಚುಗೆಯಾಗಲಿ’ ಎಂಬ ಅರ್ಥದ ಮಾತಿನಿಂದಲೇ ಶುರುವಾಗುತ್ತವೆ. ಕನ್ನಡದಲ್ಲಿ ಮರ್ಜಿಗೆ ಕೆಟ್ಟ ಗತಿ ಬಂತು: ಮೇಲಿನವರ ಮರ್ಜಿ ಕಾಯುವುದು ಎಂದರೆ ಅವರ ಲಹರಿಗೆ ತಲೆಬಾಗುವುದು. ಆದ್ದರಿಂದ ಅದು ನಮ್ಮ ಪ್ರಾರ್ಥನೆಗೆ ಬರಲಾರದು. ಆದರೆ ‘ರಾತ್ಸೋನ್’ ಹೇಳುವ ಒಲವು, ಕಿವಿಗೊಡುವ ದೊರೆಯ ದಯೆ, ಚಿತ್ತೈಸು ಎಂಬ ಹಳೆಯ ಕನ್ನಡದ ಮಾತಿನಲ್ಲಿ ತಾನಾಗಿ ಇತ್ತು. ಮುನ್ಷಿಗಳೂ ಪಾದ್ರಿಗಳೂ ಹೀಬ್ರೂ ತೂಗಿ ನೋಡಿ ಈ ಪದ ಆರಿಸಿದರೆಂದು ನಾನು ಹೇಳುವುದಿಲ್ಲ. ಕಿವಿಗೆ ಸರಿ ಕಂಡದ್ದನ್ನು ಆರಿಸಿದರು. ಕಿವಿ ಸರಿಯಾಗಿಯೇ ಆರಿಸಿತು.

ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಪದ ‘ಥೆಲೇಮ’. ಕರ್ತನ ಪ್ರಾರ್ಥನೆಯಲ್ಲಿ ‘ನಿನ್ನ ಚಿತ್ತ ನೆರವೇರಲಿ’ ಎಂಬ ಸಾಲು ಮತ್ತಾಯನ ಸುವಾರ್ತೆಯ ಆರನೆಯ ಅಧ್ಯಾಯದಲ್ಲಿದೆ; ಲೂಕನ ಅತ್ಯಂತ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಆ ಸಾಲೇ ಇಲ್ಲ. ಮತ್ತಾಯನಿಗೆ ಅದು ಎಷ್ಟು ಮುಖ್ಯವಾಗಿತ್ತು ಎಂದು ತಿಳಿಯಲು ಇಪ್ಪತ್ತಾರನೆಯ ಅಧ್ಯಾಯಕ್ಕೆ ಹೋಗಬೇಕು. ಗೆತ್ಸೆಮನೆ ತೋಟ. ರಾತ್ರಿ. ಶಿಷ್ಯರು ನಿದ್ದೆ ಹೋಗಿದ್ದಾರೆ. ಯೇಸು ಸಾವಿನ ಅಂಚಿನಲ್ಲಿ ನಿಂತು, ಈ ಪಾತ್ರೆ ತನ್ನನ್ನು ಬಿಟ್ಟುಹೋಗಲಿ ಎಂದು ಕೇಳುತ್ತಾನೆ. ಎರಡನೆಯ ಸಲ ಪ್ರಾರ್ಥಿಸುವಾಗ ಅವನು ಆಡುವ ಮಾತು, ಬೆಟ್ಟದ ಮೇಲೆ ಜನರಿಗೆ ಕಲಿಸಿಕೊಟ್ಟ ಪ್ರಾರ್ಥನೆಯ ಅದೇ ಮಾತು. ಗ್ರೀಕಿನಲ್ಲಿ ಒಂದಕ್ಷರ ಬದಲಾಗಿಲ್ಲ. ಕಲಿಸಿದವನಿಗೇ ಅದನ್ನು ಹೇಳುವ ಹೊತ್ತು ಬಂತು, ಬೆವರುತ್ತ, ನೆಲಕ್ಕೆ ಬಿದ್ದು ಹೇಳಿದ. ಮೂರು ಸಲ ಕೇಳಿದ ಎಂಬುದನ್ನು ಮತ್ತಾಯ ಎಣಿಸಿ ಬರೆದಿದ್ದಾನೆ. ಒಂದೇ ಸಲಕ್ಕೆ ಸುಮ್ಮನಾಗಲಿಲ್ಲ. ಕನ್ನಡ ಅನುವಾದದಲ್ಲಿ ಅಲ್ಲಿ ‘ನನ್ನ ಚಿತ್ತ’, ‘ನಿನ್ನ ಚಿತ್ತ’ ಎಂದು ಎರಡಕ್ಕೂ ಒಂದೇ ಪದ. ಮಗನಿಗೂ ಒಂದು ಚಿತ್ತವಿದೆ, ಅದನ್ನು ಅವನು ಬಾಯಿಬಿಟ್ಟು ಹೇಳಬಹುದು ಎಂಬುದು ಅಲ್ಲಿ ಒಪ್ಪಿತವಾಗಿಯೇ ಇದೆ.

ಗದಗ–ಬೆಟಗೇರಿ ಕಡೆಯ ಒಂದು ಮನೆಕೂಟದಲ್ಲಿ ಕೇಳಿದ ಪ್ರಾರ್ಥನೆ ನನಗೆ ಇದನ್ನು ಯಾವ ವ್ಯಾಖ್ಯಾನಕ್ಕಿಂತ ಚೆನ್ನಾಗಿ ತಿಳಿಸಿತು. ಜಮಖಾನ ಹಾಸಿತ್ತು, ಮೂಲೆಯಲ್ಲಿ ಚಹಾದ ಲೋಟಗಳು ಕಾಯುತ್ತಿದ್ದವು. ಅಜ್ಜಿಯೊಬ್ಬರು ಜಿಪ್ ಹಾಕಿದ ರೆಕ್ಸಿನ್ ಕವರಿನ ಬೈಬಲನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗು ತಲೆಗೆಳೆದು, ಕಣ್ಣು ಮುಚ್ಚಿದರು. ಬೋರಿನಲ್ಲಿ ನೀರು ಇಳಿದದ್ದು ಹೇಳಿದರು. ಪಕ್ಕದ ಮನೆಯಾಕೆಯ ಸಕ್ಕರೆ ಕಾಯಿಲೆ, ಕಾಲಿನ ಹುಣ್ಣು ಎಡಗಾಲಿನದೋ ಬಲಗಾಲಿನದೋ ಎಂಬುದನ್ನೂ ಬಿಡದೆ ಹೇಳಿದರು. ಮೊಮ್ಮಗನ ಇಂಟರ್‌ವ್ಯೂ ಯಾವ ಊರಿನಲ್ಲಿ, ಯಾವ ದಿನ, ಬಸ್ಸು ಎಷ್ಟು ಹೊತ್ತಿಗೆ ಎಲ್ಲ ಬಂತು. ಕಡೆಗೆ, ‘ನಿನ್ನ ಚಿತ್ತ ಇದ್ದಂಗ ಆಗ್ಲಿ ತಂದೆ’ ಎಂದು ಉಸಿರು ಬಿಟ್ಟರು. ಎಲ್ಲರೂ ಆಮೆನ್ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ‘ಆದ್ರ ಆ ಹುಡುಗನ್ನ ಮರೀಬ್ಯಾಡ’ ಎಂದು ಸೇರಿಸಿದರು.

ಅಜ್ಜಿ ದೇವರಿಗೆ ವಿಳಾಸ ಕೊಟ್ಟದ್ದು ಅವನಿಗೆ ಗೊತ್ತಿಲ್ಲವೆಂದಲ್ಲ. ಅವರು ಕೇಳಿದ್ದು ಗಮನವನ್ನು. ಚಿತ್ತವನ್ನು ಅವರು ಅದರ ಅತಿ ಹಳೆಯ ಅರ್ಥದಲ್ಲಿ, ದೊರೆಯ ಮುಂದೆ ನಿಂತು ‘ಚಿತ್ತೈಸಬೇಕು’ ಎನ್ನುವ ಅರ್ಥದಲ್ಲಿ ಬಳಸಿದರು. ನಿನ್ನ ಚಿತ್ತದಂತೆ ಆಗಲಿ ಎಂದರೆ, ಆ ಚಿತ್ತದೊಳಗೆ ನನ್ನ ಹುಡುಗನೂ ಇರಲಿ ಎಂದು. ದೇವರ ಚಿತ್ತವನ್ನು ನಂಬುವುದು ಎಂದರೆ ನನ್ನ ಮಟ್ಟಿಗೆ ಇಷ್ಟೇ: ನಾನು ಅವನ ಗಮನದಲ್ಲಿದ್ದೇನೆ ಎಂದು ನಂಬುವುದು. ಏನಾಗುತ್ತದೆ ಎಂಬುದು ನನಗೆ ತಿಳಿಯದು. ಯಾರೂ ನೋಡದೆ ಆಗುವುದಿಲ್ಲ ಎಂಬುದನ್ನು ನಾನು ನಂಬುತ್ತೇನೆ.

ಇಲ್ಲಿಯೇ ಚಿತ್ತಕ್ಕೂ ಹಣೆಬರಹಕ್ಕೂ ಇರುವ ಅಂತರ. ವಿಧಿ ಬರೆದು ಮುಗಿಸಿದ್ದು. ಅದರ ಜೊತೆ ಮಾತಾಡಲಾಗುವುದಿಲ್ಲ. ಬರೆದವನು ಎದ್ದು ಹೋಗಿರುತ್ತಾನೆ. ಚಿತ್ತ ಯಾರದೋ ಚಿತ್ತ. ಅದಕ್ಕೆ ಒಡೆಯನಿದ್ದಾನೆ, ಅವನಿಗೆ ಕಿವಿಯಿದೆ. ಆದರೆ ನಾವು ಎಷ್ಟು ಸುಲಭವಾಗಿ ಒಂದನ್ನು ಇನ್ನೊಂದರ ಜಾಗದಲ್ಲಿ ಇಟ್ಟುಬಿಡುತ್ತೇವೆ! ಮಗು ಕಾಯಿಲೆ ಬಿದ್ದಾಗ, ಕೆಲಸ ಹೋದಾಗ, ಬೆಳೆ ಒಣಗಿದಾಗ ‘ದೇವರ ಚಿತ್ತ’ ಎಂದು ನಿಟ್ಟುಸಿರು ಬಿಡುವಾಗ ಎಷ್ಟೋ ಸಲ ನಮ್ಮ ಮನಸ್ಸಿನಲ್ಲಿರುವುದು ಹಣೆಬರಹವೇ, ಬಾಯಲ್ಲಿ ಮಾತ್ರ ಚಿತ್ತ.

ಸುವಾರ್ತೆಗಳಲ್ಲಿ ಈ ಪದ ಬರುವ ಕಡೆಗಳನ್ನು ಒಂದೊಂದಾಗಿ ತೆರೆದು ನೋಡಿ. ಕರ್ತನೇ ಕರ್ತನೇ ಎಂದು ಕರೆಯುವುದು ಸಾಲದು, ತಂದೆಯ ಚಿತ್ತದಂತೆ ನಡೆಯಬೇಕು ಎನ್ನುತ್ತದೆ ಮತ್ತಾಯನ ಏಳನೆಯ ಅಧ್ಯಾಯ. ಆ ಚಿತ್ತದಂತೆ ನಡೆಯುವವರೇ ತನಗೆ ತಾಯಿ, ಅಣ್ಣತಮ್ಮ, ಅಕ್ಕತಂಗಿ ಎನ್ನುತ್ತಾನೆ ಯೇಸು ಹನ್ನೆರಡನೆಯದರಲ್ಲಿ. ಸಮಾರ್ಯದ ಬಾವಿಯ ಬಳಿ ಶಿಷ್ಯರು ಊಟ ತಂದಾಗ, ತನ್ನನ್ನು ಕಳುಹಿಸಿದವನ ಚಿತ್ತವನ್ನು ನೆರವೇರಿಸುವುದೇ ತನಗೆ ಆಹಾರ ಎನ್ನುತ್ತಾನೆ ಯೋಹಾನನ ನಾಲ್ಕನೆಯ ಅಧ್ಯಾಯದಲ್ಲಿ. ಈ ಎಲ್ಲ ಕಡೆಯೂ ಚಿತ್ತದ ಜೊತೆಗಿರುವ ಕ್ರಿಯಾಪದ ಮಾಡು, ನಡೆ, ನೆರವೇರಿಸು. ಸಹಿಸು, ಸುಮ್ಮನಿರು ಎಂಬವು ಅಪರೂಪ. ನಮ್ಮ ದಿನಬಳಕೆ ಇದನ್ನು ತಿರುಗಿಸಿ ಹಾಕಿದೆ. ನಮಗೆ ಸಂಭವಿಸುವುದಕ್ಕೆಲ್ಲ ಚಿತ್ತ ಎನ್ನುತ್ತೇವೆ, ನಾವು ಮಾಡಬೇಕಾದ್ದಕ್ಕೆ ಆ ಹೆಸರು ಇಡುವುದು ಮರೆತಿದ್ದೇವೆ. ಶರಣರ ಸುಚಿತ್ತಹಸ್ತ ನನ್ನನ್ನು ಅಷ್ಟು ಹಿಡಿದು ನಿಲ್ಲಿಸಿದ್ದು ಇದಕ್ಕೇ. ಹಸಿದವನಿಗೆ ಅನ್ನ ಇಕ್ಕಿದ ಕೈ, ಜೈಲಿನಲ್ಲಿದ್ದವನನ್ನು ನೋಡಲು ಹೋದ ಕಾಲು, ಇವೇ ಚಿತ್ತ ಎಂದು ಸುವಾರ್ತೆಯೂ ಹೇಳುತ್ತದೆ.

ದೇವರ ಚಿತ್ತ ಯಾವುದಲ್ಲ ಎಂದು ನೇರವಾಗಿ ಹೇಳುವ ಮಾತೂ ಒಂದಿದೆ. ಮತ್ತಾಯನ ಹದಿನೆಂಟನೆಯ ಅಧ್ಯಾಯದಲ್ಲಿ, ತಪ್ಪಿಸಿಕೊಂಡ ಕುರಿಯ ಸಾಮ್ಯವನ್ನು ಹೇಳಿ ಮುಗಿಸಿ, ಚಿಕ್ಕವರಲ್ಲಿ ಒಬ್ಬರೂ ಕೆಡುವುದು ತಂದೆಗೆ ಬೇಕಿಲ್ಲ ಎನ್ನುತ್ತಾನೆ ಯೇಸು. ಪದ ಅದೇ, ಥೆಲೇಮ. ಈ ಸಾಲನ್ನು ನಾವು ಶವಸಂಸ್ಕಾರಗಳಲ್ಲಿ ಓದುವುದಿಲ್ಲ. ಓದಬೇಕು ಎಂದು ನನಗನಿಸುತ್ತದೆ. ಹೆರಿಗೆಗೆ ಕರೆದೊಯ್ಯಲು ಗಾಡಿ ಬರಲಿಲ್ಲ, ಬಂದರೂ ದಾರಿ ಸರಿಯಿಲ್ಲ, ಮುಟ್ಟಿದರೂ ನೋಡುವವರಿಲ್ಲ, ಹೆಣ್ಣುಮಗಳು ಹೋದಳು. ಮ್ಯಾನ್‌ಹೋಲಿಗೆ ಇಳಿಸಿದರು, ಉಸಿರುಗಟ್ಟಿ ಇಬ್ಬರು ಹೋದರು. ಇಂಥ ಸಾವಿನ ಮೇಲೆ ‘ದೇವರ ಚಿತ್ತ’ ಎಂಬ ಮುದ್ರೆ ಒತ್ತಿದರೆ ಮನುಷ್ಯರ ತಪ್ಪನ್ನು ದೇವರ ಹೆಸರಿಗೆ ಬರೆದಂತೆ. ಅದನ್ನು ನಾನು ಭಕ್ತಿ ಎನ್ನಲಾರೆ. ಭೂಲೋಕದಲ್ಲಿಯೂ ನಿನ್ನ ಚಿತ್ತ ನೆರವೇರಬೇಕು ಎಂದು ದಿನಾ ಬೇಡುತ್ತೇವೆ ಎಂದರೆ, ಇಲ್ಲಿ ಅದು ಇನ್ನೂ ನೆರವೇರಿಲ್ಲ ಎಂದು ದಿನಾ ಒಪ್ಪಿಕೊಂಡಂತೆಯೇ ಅಲ್ಲವೆ?

ಮದುವೆ ಪತ್ರಿಕೆಯ ‘ಚಿತ್ತವಾದರೆ’ಯ ಬೇರು ಯಾಕೋಬನ ಪತ್ರಿಕೆಯಲ್ಲಿದೆ. ಇಂಥ ಪಟ್ಟಣಕ್ಕೆ ಹೋಗುತ್ತೇವೆ, ಒಂದು ವರ್ಷ ಇರುತ್ತೇವೆ, ವ್ಯಾಪಾರ ಮಾಡಿ ಲಾಭ ಗಳಿಸುತ್ತೇವೆ ಎಂದು ಲೆಕ್ಕ ಹಾಕುವವರಿಗೆ ಅವನು ಹೇಳುತ್ತಾನೆ: ನಾಳೆ ನಿಮ್ಮ ಕೈಯಲ್ಲಿಲ್ಲ, ಕರ್ತನ ಚಿತ್ತವಾದರೆ ಎನ್ನಿ. ಗಮನಿಸಬೇಕಾದ್ದು, ಆ ಮಾತು ಹೇಳಿದ್ದು ಗೆಲ್ಲುವ ಭರವಸೆಯಲ್ಲಿದ್ದವರಿಗೆ. ಸೋತು ಕೂತವರಿಗೆ ಅಲ್ಲ. ಲಾಭದ ಲೆಕ್ಕ ಹಾಕುವಾಗ ಹೇಳಿಕೊಳ್ಳಬೇಕಾದ ಮಾತನ್ನು ನಾವು ನಷ್ಟದ ದಿನಕ್ಕೆ ತೆಗೆದಿಟ್ಟಿದ್ದೇವೆ. ಮದುವೆ ಪತ್ರಿಕೆ ಅಚ್ಚು ಹಾಕಿಸುವವರು ಇದನ್ನು ಇನ್ನೂ ಸರಿಯಾದ ಜಾಗದಲ್ಲೇ ಉಳಿಸಿಕೊಂಡಿದ್ದಾರೆ. ಸಂತೋಷದ ತುದಿಯಲ್ಲಿ ನಿಂತು ಹೇಳುವ ‘ಆದರೆ’ ಅದು.

ನಷ್ಟದ ದಿನಕ್ಕೂ ಒಂದು ದಾರಿಯನ್ನು ಧರ್ಮಪುಸ್ತಕ ತೋರಿಸಿದೆ. ಅಪೊಸ್ತಲರ ಕೃತ್ಯಗಳ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಪೌಲನು ಯೆರೂಸಲೇಮಿಗೆ ಹೊರಟಿದ್ದಾನೆ. ಕೈಸರೈಯದಲ್ಲಿ ಅಗಬನೆಂಬ ಪ್ರವಾದಿ ಪೌಲನ ನಡುಕಟ್ಟನ್ನು ತೆಗೆದುಕೊಂಡು ತನ್ನ ಕೈಕಾಲು ಕಟ್ಟಿಕೊಂಡು, ಅಲ್ಲಿ ನಿನ್ನನ್ನು ಹೀಗೆ ಕಟ್ಟುತ್ತಾರೆ ಎಂದು ತೋರಿಸುತ್ತಾನೆ. ಜೊತೆಯವರೂ ಊರಿನವರೂ ಹೋಗಬೇಡ ಎಂದು ಬೇಡಿಕೊಳ್ಳುತ್ತಾರೆ, ಅಳುತ್ತಾರೆ. ಅಳುವಿನಿಂದ ಪೌಲನ ಹೃದಯವೇ ಒಡೆಯುತ್ತದೆ. ಅವನು ಒಪ್ಪದೆ ಹೋದಾಗ ಮಾತ್ರ, ಕಡೆಗೆ, ಕರ್ತನ ಚಿತ್ತದಂತೆ ಆಗಲಿ ಎಂದು ಅವರು ಸುಮ್ಮನಾಗುತ್ತಾರೆ. ಮೊದಲು ವಾದ, ಆಮೇಲೆ ಅಳು, ಆಮೇಲೆ ಈ ಮಾತು. ಇನ್ನೂ ಒಂದು: ಅದನ್ನು ಹೇಳಿದವರು ಕಳೆದುಕೊಳ್ಳಲಿದ್ದವರೇ. ದಡದಲ್ಲಿ ನಿಂತು ನೋಡುವವರು ಅವರಿಗೆ ಹೇಳಿದ ಮಾತಲ್ಲ ಅದು.

ಆದ್ದರಿಂದ ನನ್ನ ಸಭೆಯ ಜನರಲ್ಲಿ, ಈ ಪದವನ್ನು ಪ್ರೀತಿಸುವ ಎಲ್ಲರಲ್ಲಿ ಒಂದು ಬೇಡಿಕೆ. ದುಃಖದ ಮನೆಗೆ ಹೋದಾಗ ‘ದೇವರ ಚಿತ್ತ’ ಎಂದು ನೀವಾಗಿ ಹೇಳಬೇಡಿ. ಜಮಖಾನದ ಮೇಲೆ ಅವರ ಪಕ್ಕ ಕೂತುಕೊಳ್ಳಿ. ಚಹಾ ಕಾಯಿಸಬೇಕಿದ್ದರೆ ಕಾಯಿಸಿ, ಆಸ್ಪತ್ರೆಯ ಬಿಲ್ಲು ಬಾಕಿಯಿದ್ದರೆ ವಿಚಾರಿಸಿ, ಯಾರದೋ ತಪ್ಪಿನಿಂದ ಆದ ಸಾವಾದರೆ ದೂರು ಕೊಡಲು ಅವರ ಜೊತೆ ಹೋಗಿ. ಎಂದೋ ಒಂದು ದಿನ ಆ ಮಾತನ್ನು ಅವರೇ ಹೇಳಬಹುದು. ಹೇಳಿದರೆ ಕೇಳಿಸಿಕೊಳ್ಳಿ, ಹೇಳದಿದ್ದರೆ ಕೇಳಬೇಡಿ.